ಬದುಕಿದ ಮಗುವಿನ ಅಂಗಿ

ಮೂಟೆಯ ಗಂಟನ್ನು ಹಲ್ಲಿನಲ್ಲೇ ಕಚ್ಚಿ ಬಿಚ್ಚಿದೆ. ಅಷ್ಟು ಆತುರ, ಅಷ್ಟು ಖುಷಿ. ಒಂದಲ್ಲ ಎರಡಲ್ಲ, ಇಪ್ಪತ್ತಾರು ಉಡುಪು! ಒಂದು ಫ್ರಾಕಿನ ಕತ್ತಿನ ಸುತ್ತ ಲೇಸು, ಇನ್ನೊಂದರ ಬೆನ್ನಿನುದ್ದಕ್ಕೂ ಪುಟ್ಟ ಪುಟ್ಟ ಗುಂಡಿ, ಹುಡುಗನ ಅಂಗಿಯೊಂದರ ಎದೆಯ ಮೇಲೆ ದಾರದಲ್ಲಿ ಹೊಲಿದ ಹಡಗು. ಎಲ್ಲ ಬೆಂಗಳೂರು ದಂಡಿನ ಬಿಳಿ ದೊರೆಗಳ ಮಕ್ಕಳು ಹಾಕಿ ಬಿಟ್ಟದ್ದು. ಹಾಕಿ ಬಿಟ್ಟದ್ದಾದರೇನು, ಒಂದಕ್ಕೂ ತೇಪೆ ಇರಲಿಲ್ಲ. ಹಜಾರದಲ್ಲಿ ಹರಡಿಕೊಂಡು ಕೂತು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದೆ. ನಮ್ಮ ಮಗಳು ದೇವಿಗೆ ಎರಡು ವರ್ಷ. ಅವಳು ಹಡಗಿನ ಅಂಗಿಯನ್ನು ತಲೆಗೆ ಸಿಕ್ಕಿಸಿಕೊಂಡು, ಹೊರಗೆ ಬರಲಾರದೆ, ಒಳಗಿಂದಲೇ ಕಿರುಚುತ್ತಿದ್ದಳು.

ಅದು ನಲವತ್ತೇಳನೆಯ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಬಟ್ಟೆಗೆ ಕಂಟ್ರೋಲು. ಕಾರ್ಡು ಹಿಡಿದು ಅರ್ಧ ದಿನ ನಿಂತರೆ ಸಿಗುತ್ತಿದ್ದ ಒರಟು ಬಟ್ಟೆ ದೊಡ್ಡವರ ಮೈ ಮುಚ್ಚುವುದಕ್ಕೇ ಸಾಲದು. ಮಕ್ಕಳಿಗೆ ಯಾರು ಹೊಲಿಸುತ್ತಾರೆ? ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಊರಿನ ಹೆಣ್ಣುಮಕ್ಕಳಿಗೆಲ್ಲ ಸೀರೆ ನೇಯುವವರು ನಾವು, ನಮ್ಮ ದೇವಿ ತೊಡುತ್ತಿದ್ದುದು ಅಪ್ಪನ ಹಳೆ ಪಂಚೆಯ ತುಂಡನ್ನು. ಇದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೂಲೂ ಕೋಟಾದಲ್ಲೇ ಬರಬೇಕು. ಬಂದರೆ ಇಪ್ಪತ್ತು ದಿನ ಮಗ್ಗ ಆಡುತ್ತದೆ, ಆಮೇಲೆ ಒಂದೂವರೆ ತಿಂಗಳು ಸುಮ್ಮನಿರುತ್ತದೆ. ನನ್ನ ಗಂಡ ಕೋದಂಡರಾಮಯ್ಯ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ ರಾಜ, ಎದ್ದು ಬಂದರೆ ನಾಲ್ಕು ಮಾತು ಆಡಲಾರದ ಮನುಷ್ಯ. ಅಂಥವರು ಒಂದು ದಿನ ಊಟದ ನಡುವೆ, "ಮಗ್ಗ ಬಿಚ್ಚಿ ಮಾರ್ಬಿಡ್ತೀನಿ, ಬೆಂಗಳೂರಲ್ಲಿ ಮಿಲ್ಲಿಗೆ ಸೇರ್ಕೊಳ್ಳೋಣ" ಎಂದರು. ಅವರ ತಾತ ಕೂತು ನೇಯ್ದ ಮಗ್ಗ ಅದು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

"ಬಿಚ್ಚೋದೇನೂ ಬೇಡ. ನೂಲು ಇಲ್ಲದ ದಿನ ನಾನು ದುಡೀತೀನಿ" ಎಂದುಬಿಟ್ಟೆ. ಹೇಗೆ ದುಡಿಯುತ್ತೇನೆಂದು ಆಗ ನನಗೂ ಗೊತ್ತಿರಲಿಲ್ಲ. ಬಾಯಿ ಮುಂದೆ, ಬುದ್ಧಿ ಹಿಂದೆ, ಇದು ನನ್ನ ಹುಟ್ಟುಗುಣ.

ದಾರಿ ತೋರಿಸಿದವಳು ಅಕ್ಕಯಮ್ಮ. ನಮ್ಮ ತವರು ರಾಜಘಟ್ಟದವಳು, ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ದೊರೆಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಹಬ್ಬಕ್ಕೆ ಬಂದವಳು ಹೇಳಿದಳು: "ಅವ್ರೆಲ್ಲ ಹಡಗು ಹತ್ತಿ ಹೊರಡ್ತಾವ್ರೆ ಕಣೇ ನಾಗಲಕ್ಷ್ಮಿ. ಮಕ್ಳ ಬಟ್ಟೆ ಪೆಟ್ಟಿಗೆಗಟ್ಲೆ ಬಿದ್ದೈತೆ. ಅಗ್ಗಕ್ಕೆ ಕೊಡ್ತಾರೆ." ನನ್ನ ಕಾಲಿನ ಬೆಳ್ಳಿ ಕಡಗ ಅವತ್ತೇ ಅಕ್ಕಸಾಲಿಯ ಅಂಗಡಿ ಸೇರಿತು. ಗಂಡನಿಗೂ ನನಗೂ ಒಂದು ಕರಾರಾಯಿತು. ಎರಡು ಸಂತೆ ನೋಡುವುದು. ಅಷ್ಟರಲ್ಲಿ ಮೂಟೆ ಖಾಲಿಯಾದರೆ ಮಗ್ಗ ಇದ್ದಲ್ಲೇ ಇರುತ್ತದೆ, ಆಗದಿದ್ದರೆ ಬಿಚ್ಚುವುದು.

ಹೀಗೆ ಬಂದ ಮೂಟೆ ಅದು. ಎರಡು ದಿನ ನನಗೆ ನಿದ್ದೆ ಹತ್ತಲಿಲ್ಲ. ಎಲ್ಲವನ್ನೂ ಸವುಳು ಮಣ್ಣು ಹಾಕಿ ಕುದಿಸಿ, ಒಗೆದು, ಅಂಗಳದ ತುಂಬ ಹಗ್ಗ ಕಟ್ಟಿ ಒಣಗಿಸಿದೆ. ಬೀದಿಯ ಮಕ್ಕಳೆಲ್ಲ ಬೇಲಿಗೆ ಬಂದು ನಿಂತರು. ಕಡೆಗೆ, ಹೊಸ ಬಟ್ಟೆಗೆ ಮಾಡುವ ಹಾಗೆ, ಒಂದೊಂದರ ಮೂಲೆಗೂ ಚೂರು ಅರಿಶಿನ ಹಚ್ಚಿದೆ.

ಮೊದಲ ಸಂತೆ ದೊಡ್ಡಬೆಳವಂಗಲದ್ದು. ದೇವಿಯನ್ನೂ ಸೊಂಟದ ಮೇಲೆ ಎತ್ತಿಕೊಂಡು ಹೋಗಿದ್ದೆ. ಹೊಂಗೆ ಮರದಿಂದ ಪಕ್ಕದ ಗಾಡಿಯ ನೊಗಕ್ಕೆ ಹಗ್ಗ ಎಳೆದು ಫ್ರಾಕುಗಳನ್ನು ನೇತು ಹಾಕಿದೆ. ಗಾಳಿಗೆ ಅವು ಹಾರಾಡಿದ್ದೇ ತಡ, ಹೆಂಗಸರು ಮೆಣಸಿನಕಾಯಿ ಕೊಳ್ಳುವುದನ್ನು ಬಿಟ್ಟು ಓಡಿ ಬಂದರು. "ಅಯ್ಯೋ ಇದರ ಗುಂಡಿ ನೋಡ್ರೇ!" "ಈ ಜೇಬು ನೋಡು, ಎಷ್ಟು ಪುಟಾಣಿ, ಇದರಲ್ಲಿ ಏನಿಡ್ತವಂತೆ?" "ನನ್ ಮೊಮ್ಮಗಳಿಗೆ ಆಗುತ್ತಾ ಹೇಳೇ, ಇಷ್ಟಗಲ ಅವ್ಳೆ!" ನನಗೆ ಯಾರಿಗೆ ಉತ್ತರ ಕೊಡಬೇಕೋ ತಿಳಿಯಲಿಲ್ಲ. ಎರಡು ಕೈ ಸಾಲದೆ ಹಲ್ಲಿನಲ್ಲೂ ಒಂದು ಅಂಗಿ ಕಚ್ಚಿಕೊಂಡಿದ್ದೆ.

ಆ ಗುಂಪಿನಲ್ಲಿ ಒಬ್ಬಳು ಸದ್ದಿಲ್ಲದೆ ನಿಂತಿದ್ದಳು. ತೆಳ್ಳಗೆ, ಏಳು ತಿಂಗಳ ಬಸುರಿ. ಹೆಸರು ಮುನಿರತ್ನಮ್ಮ ಎಂದು ಆಮೇಲೆ ತಿಳಿಯಿತು. ಅವಳು ಎತ್ತಿಕೊಂಡದ್ದು ಒಂದೇ ಒಂದು, ಎದೆಯ ಹತ್ತಿರ ನೀಲಿ ದಾರದಲ್ಲಿ ಸಣ್ಣ ನೆರಿಗೆ ಹೊಲಿದ ಬಿಳಿಯ ಕೂಸಿನ ಅಂಗಿ. ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಎಷ್ಟವ್ವಾ?"

"ಆರಾಣೆ."

ಚೌಕಾಸಿ ಮಾಡಲೇ ಇಲ್ಲ. ಸೆರಗಿನ ತುದಿ ಬಿಚ್ಚತೊಡಗಿದಳು. ನನ್ನ ಮೊದಲ ಬೋಣಿ! ದುಡ್ಡಿಗೆ ಅಂಗೈ ಚಾಚಿದೆ. ಅಷ್ಟರಲ್ಲಿ ಒಂದು ಮುದಿ ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಸುತ್ತಿನ ಹತ್ತು ಹಳ್ಳಿಗೆ ಹೆರಿಗೆ ಮಾಡಿಸುವ ಸೊಣ್ಣಮ್ಮನ ಕೈ ಅದು.

"ನಿಂತ್ಕೊಳ್ಳೇ ಮುನಿರತ್ನಿ" ಎಂದು ಅವಳನ್ನು ತಡೆದು ಸೊಣ್ಣಮ್ಮ ನನ್ನತ್ತ ತಿರುಗಿದಳು. "ಇದನ್ನ ಹಾಕಿದ್ ಮಗ ಬದುಕೈತೇನವ್ವಾ?"

ಹೆಂಗಸರೆಲ್ಲ ನನ್ನತ್ತ ತಿರುಗಿದರು.

ನನ್ನ ತಲೆ ಚಚ್ಚಿಕೊಳ್ಳಬೇಕೆನಿಸಿತು. ಇದೇನು ನನಗೆ ಗೊತ್ತಿಲ್ಲದ್ದೇ? ನಮ್ಮ ಬೀದಿಯಲ್ಲೂ ಹುಟ್ಟಿದ ಮಗುವಿಗೆ ಮೊದಲು ತೊಡಿಸುವುದು ಹಳೆಯ ಬಟ್ಟೆಯನ್ನೇ. ಮಕ್ಕಳು ಗಟ್ಟಿಯಾಗಿ ಬದುಕಿರುವ ಮನೆಯಿಂದ ಕೇಳಿ ತರುತ್ತೇವೆ. ಆ ಮಗುವಿನ ಆಯುಸ್ಸಿನ ಒಂದು ಎಳೆ ಅದರ ಬಟ್ಟೆಯಲ್ಲಿ ಉಳಿದಿರುತ್ತದೆಂದು ನಂಬಿಕೆ. ಹುಟ್ಟಿದ್ದು ಉಳಿಯದ ಮನೆಯವರಂತೂ ಹೊಸದನ್ನು ಮುಟ್ಟಿಸುವುದೇ ಇಲ್ಲ. ಸತ್ತ ಮಗುವಿನ ಬಟ್ಟೆಯನ್ನು ಮಾತ್ರ ಯಾರೂ ಕೊಡುವುದಿಲ್ಲ, ಯಾರೂ ತೊಡಿಸುವುದಿಲ್ಲ. ಲೇಸು ನೋಡಿದೆ, ಗುಂಡಿ ಎಣಿಸಿದೆ, ಈ ಒಂದು ಮಾತನ್ನು ಕೇಳುವುದನ್ನೇ ಮರೆತು ಮೂಟೆ ಹೊತ್ತು ಬಂದಿದ್ದೆ. ಬೆಪ್ಪು ಅಂದರೆ ನಾನೇ.

"ಬದುಕಿರ್ದೆ ಏನು? ದೊರೆಗಳ ಮಕ್ಳು, ಕೆಂಪಗೆ ಟೊಮೇಟೊ ಇದ್ದಂಗವೆ" ಎಂದೆ. ಒಂದು ಮಗುವನ್ನೂ ನಾನು ಕಣ್ಣಾರೆ ನೋಡಿರಲಿಲ್ಲ. ಹಿತ್ತಿಲ ಬಾಗಿಲಲ್ಲಿ ಮೂಟೆ ಎತ್ತಿಕೊಂಡು ಬಂದವಳು ನಾನು.

ಸೊಣ್ಣಮ್ಮ ನನ್ನ ಸೊಂಟದ ಮೇಲಿದ್ದ ದೇವಿಯನ್ನು ತೋರಿಸಿದಳು. "ಹಂಗಾದ್ರೆ ನಿನ್ ಮಗಳ ತಲೆ ಮುಟ್ಟಿ ಹೇಳು. ಇವಳು ಎರಡು ಹೆತ್ತು ಎರಡೂ ಮಣ್ಣಿಗಿಟ್ಟವ್ಳೆ. ಇದು ಮೂರನೇದು. ನೀನು ಹೇಳು, ನಾನು ಕೈ ಬಿಡ್ತೀನಿ."

ನನ್ನ ಕೈ ಮೇಲಕ್ಕೆ ಹೋಯಿತು. ಸುಳ್ಳು ಹೇಳುವುದಿಲ್ಲ, ಹೋಗಿಯೇ ಹೋಯಿತು. ಮನೆಯ ಮಗ್ಗ ಕಣ್ಣ ಮುಂದೆ ಬಂತು. ದೇವಿಯ ಕೂದಲಿಗೆ ಒಂದಂಗುಲ ಇರುವಾಗ ಅವಳ ತಲೆಯ ಬಿಸಿ ಅಂಗೈಗೆ ತಾಗಿತು. ನಾನು ಕೈ ಕೆಳಗಿಳಿಸಿದೆ.

"ನಂಗೆ ಗೊತ್ತಿಲ್ಲ. ಕೇಳ್ಕೊಂಡು ಬರ್ತೀನಿ. ಮುಂದಿನ ಸಂತೇಲಿ ಹೇಳ್ತೀನಿ."

ಹೆಂಗಸರ ಕೈಯಲ್ಲಿದ್ದ ಅಂಗಿಗಳೆಲ್ಲ ಒಂದೊಂದಾಗಿ ಚಾಪೆಗೆ ವಾಪಸು ಬಂದವು. ಮುನಿರತ್ನಮ್ಮ ಎಲ್ಲರಿಗಿಂತ ಕೊನೆಯಲ್ಲಿ ಇಟ್ಟಳು, ನೀಲಿ ನೆರಿಗೆಯನ್ನು ಬೆರಳಲ್ಲಿ ಸರಿಮಾಡಿ ಇಟ್ಟಳು. ಅವತ್ತು ನನ್ನಿಂದ ಕೊಂಡವನು ಒಬ್ಬನೇ, ಪಿಳ್ಳಪ್ಪ ಎನ್ನುವ ಮುದುಕ. ಉಣ್ಣೆಯ ಟೋಪಿಯೊಂದನ್ನು ತನ್ನ ಬೋಳು ತಲೆಗೇ ಎಳೆದುಕೊಂಡು, "ನಂಗೆ ಎಪ್ಪತ್ತಾಯ್ತು, ಯಾರ ಆಯುಸ್ಸೂ ಬ್ಯಾಡ, ಕಿವಿ ಬೆಚ್ಚಗಿದ್ರೆ ಸಾಕು" ಎಂದು ಎರಡಾಣೆ ಕೊಟ್ಟು ಹೋದ. ನಗುವೂ ಬಂತು, ಅಳುವೂ ಬಂತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ, ಜವಾಬೂ ಸಿದ್ಧವಿತ್ತು. ಗಂಡ ಬೈಯಲಿಲ್ಲ. ಮೂಲೆಯ ಬುಟ್ಟಿಯಿಂದ ಮೂರು ಬಣ್ಣದ ರೇಷ್ಮೆ ಎಳೆ ತಂದು ನನ್ನ ಮುಂದಿಟ್ಟರು: ಕೆಂಪು, ಹಸಿರು, ಹಳದಿ. ಬಣ್ಣ ಹಾಕಿಸಲು ಕೊಟ್ಟ ನೂಲಿನ ಲಡಿಗಳು ಬೇರೆಯವರದರ ಜೊತೆ ಬೆರೆಯಬಾರದೆಂದು ನೇಕಾರರು ಒಂದೊಂದು ಮನೆಗೆ ಒಂದೊಂದು ಬಣ್ಣದ ಎಳೆ ಕಟ್ಟುತ್ತಾರೆ.

"ಅವರಿಗೆ ಮೂರು ಮಕ್ಕಳು ಅಂತ ಅಕ್ಕಯಮ್ಮ ಹೇಳಿದ್ಲು ಅಂದ್ಯಲ್ಲ. ಯಾರದ್ದು ಯಾವುದು ಅಂತ ಕೇಳಿ ಕಟ್ಕೊಂಡು ಬಾ. ಆಗ ಯಾರು ಕೇಳಿದ್ರೂ ನೀನು ತಡವರಿಸೋ ಹಂಗಿಲ್ಲ."

"ನಿಮಗೆ ಮಗ್ಗ ಬಿಚ್ಚೋ ಆಸೆ ಇರ್ಲಿಲ್ವಾ?"

"ಲೇ, ಹೋಗಿ ಮಲಗೇ, ಬೆಳಿಗ್ಗೆ ರೈಲು ಹಿಡೀಬೇಕು" ಎಂದು ನಕ್ಕರು. ಮದುವೆಯಾಗಿ ಐದು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಮೂಟೆ ಹೊತ್ತು ಬೆಳಗಿನ ರೈಲು ಹತ್ತಿ, ಯಶವಂತಪುರದಲ್ಲಿಳಿದು, ಜಟಕಾ ಹಿಡಿದು ದಂಡು ಸೇರಿದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬಂಗಲೆಯ ವರಾಂಡದ ತುಂಬ ಮರದ ಪೆಟ್ಟಿಗೆಗಳು, ಹುಲ್ಲು, ಮೊಳೆ. ಮರುದಿನವೇ ಅವರು ಬೊಂಬಾಯಿಯ ರೈಲು ಹತ್ತುವವರು. ಒಂದು ದಿನ ತಡವಾಗಿದ್ದರೂ ನನ್ನ ಕಥೆ ಮುಗಿಯುತ್ತಿತ್ತು.

ನಾನು ಬಂದ ಕಾರಣ ಕೇಳಿ ಅಕ್ಕಯಮ್ಮ ಬೆಚ್ಚಿಬಿದ್ದಳು. "ನಾನಿಲ್ಲಿಗೆ ಬಂದು ಎರಡು ವರ್ಷ. ದೊಡ್ಡವೆಲ್ಲ ನಾನೇ ತೊಡಿಸಿದ್ದು, ಗೊತ್ತೈತೆ. ಚಿಕ್ಕವು ಹಳೇ ಪೆಟ್ಟಿಗೇಲಿದ್ವು. ಅದು ದೊರೆಸಾನೀನೇ ಹೇಳ್ಬೇಕು. ಆದ್ರೆ ಇಂಥಾದ್ದು ಕೇಳೋದು ಹೆಂಗೇ?"

"ಬಾಯಲ್ಲಿ ಕೇಳೋದು" ಎಂದೆ.

ದೊರೆಸಾನಿ ಹೊರಗೆ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕೈಯೆಲ್ಲ ಧೂಳು. ಮೂಟೆ ಕಂಡದ್ದೇ ಮುಖ ಕೆಂಪಾಯಿತು. ಬಟ್ಟೆ ಹಿಂದಿರುಗಿಸಿ ಹಣ ಕೇಳಲು ಬಂದಿದ್ದೇನೆ ಎಂದುಕೊಂಡಳು. ಇಂಗ್ಲಿಷಿನಲ್ಲಿ ಪಟಪಟನೆ ಏನೋ ಅಂದಳು. ನನಗೂ ಸಿಟ್ಟು ಬಂತು, ಕನ್ನಡದಲ್ಲಿ ಪಟಪಟನೆ ನಾನೂ ಅಂದೆ. ನಡುವೆ ಅಕ್ಕಯಮ್ಮ ಎರಡೂ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿ, ತನಗೆ ಬರುವ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ದೊರೆಸಾನಿಯ ಮುಖದ ಕೆಂಪು ಇಳಿಯಿತು. ಅವಳು ಒಂದು ಪೆಟ್ಟಿಗೆಯ ಮೇಲೆ ಕೂತು, ಮೂಟೆ ಬಿಚ್ಚು ಎಂದು ಕೈ ಮಾಡಿದಳು.

ಆಮೇಲೆ ನಡೆದದ್ದನ್ನು ಈ ಜನ್ಮದಲ್ಲಿ ಮರೆಯಲಾರೆ. ತೋಟದಲ್ಲಿ ಆಡುತ್ತಿದ್ದ ಮಕ್ಕಳನ್ನು ಅವಳು ಕೂಗಿ ಕರೆದಳು. ಮೊದಲು ಹತ್ತು ವರ್ಷದ ರೋಸಿ, ಎರಡು ಜಡೆಯವಳು. ಅವಳ ಬೆನ್ನಿಗೆ ಮುಂಭಾಗದ ಹಲ್ಲು ಮುರಿದ ಜಾರ್ಜು. ಕೊನೆಗೆ ಅಕ್ಕಯಮ್ಮನ ತೋಳಿಗೆ ಹಾರಿದ, ಆಗಷ್ಟೇ ವರ್ಷ ತುಂಬಿದ ಪುಟ್ಟ ಬೆಟ್ಟಿ, ಕುರಿಮರಿ ಬಣ್ಣದ ಉಣ್ಣೆ ಅಂಗಿ ತೊಟ್ಟವಳು. ನಾನು ಒಂದೊಂದು ಉಡುಪು ಎತ್ತಿದ ಹಾಗೆ ಮಕ್ಕಳು ತಾವೇ ಕಿರುಚತೊಡಗಿದರು. "ರೋಸಿ!" "ಜಾರ್ಜ್!" ಹಡಗಿನ ಅಂಗಿ ಕಂಡು ಜಾರ್ಜು ಸೀಬೆ ಮರ ತೋರಿಸಿ, ಬಿದ್ದದ್ದು ಹೇಗೆಂದು ನೆಲದ ಮೇಲೆ ಬಿದ್ದೇ ತೋರಿಸಿದ. ಹಲ್ಲು ಹೋದದ್ದು ಆಗಲೇ. ರೋಸಿಗೆ ಕೆಂಪು, ಜಾರ್ಜಿಗೆ ಹಸಿರು, ಬೆಟ್ಟಿಗೆ ಹಳದಿ. ನಾನು ಕಟ್ಟಿದೆ, ಕಟ್ಟಿದೆ, ನಗುತ್ತಾ ಕಟ್ಟಿದೆ. ಇಪ್ಪತ್ನಾಲ್ಕಕ್ಕೂ ಎಳೆ ಬಿತ್ತು.

ಕೊನೆಗೆ ಉಳಿದದ್ದು ನೀಲಿ ನೆರಿಗೆಯದು. ಎತ್ತಿ ಹಿಡಿದೆ. ಮಕ್ಕಳು ಯಾರೂ ಕೂಗಲಿಲ್ಲ.

ದೊರೆಸಾನಿ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮುನಿರತ್ನಮ್ಮ ಮಾಡಿದ ಹಾಗೆಯೇ ಕೆನ್ನೆಗೆ ಒತ್ತಿಕೊಂಡಳು. ಅವಳು ಹೇಳಿದ್ದನ್ನು ಅಕ್ಕಯಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಜಾರ್ಜು ಆದ್ಮೇಲೆ ಒಂದು ಗಂಡು ಮಗ ಇತ್ತಂತೆ. ಎಂಟು ತಿಂಗಳಿಗೆ ಜ್ವರ ಬಂದು ಹೋಯ್ತಂತೆ. ಇಲ್ಲೇ ಮಣ್ಣು ಮಾಡವ್ರೆ. ಇದು ಹೆಂಗೆ ಮೂಟೆಗೆ ಸೇರ್ತೋ ಗೊತ್ತಿಲ್ಲ ಅಂತಾರೆ. ನಾಲ್ಕು ದಿನದಿಂದ ಇದನ್ನೇ ಹುಡುಕ್ತಾವ್ರೆ."

ಸಂತೆಯಲ್ಲಿ ನನ್ನ ಕೈ ಇನ್ನೊಂದಂಗುಲ ಕೆಳಗೆ ಹೋಗಿದ್ದರೆ ಈ ಅಂಗಿ ಈಗ ಮುನಿರತ್ನಮ್ಮನ ಮನೆಯಲ್ಲಿರುತ್ತಿತ್ತು. ಸುಳ್ಳು ಆಣೆ ನನ್ನ ದೇವಿಯ ತಲೆಯ ಮೇಲಿರುತ್ತಿತ್ತು.

ದೊರೆಸಾನಿ ಒಳಗಿಂದ ಪರ್ಸು ತಂದಳು, ಅದರ ಹಣ ವಾಪಸು ಕೊಡಲು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. "ಅದು ಮಾರೋ ಸಾಮಾನಲ್ಲ, ತಗೊಂಡಿದ್ದೇ ತಪ್ಪು ಅಂತ ಹೇಳೇ" ಎಂದೆ ಅಕ್ಕಯಮ್ಮನಿಗೆ. ಇದನ್ನು ಕೊಳ್ಳಲು ಬಂದವಳು ಯಾರೆಂದು ದೊರೆಸಾನಿ ಕೇಳಿದಳು. ಹೇಳಿಸಿದೆ: ಎರಡು ಕಳೆದುಕೊಂಡವಳು, ಏಳು ತಿಂಗಳು ತುಂಬಿದೆ, ಹೊಸದು ತೊಡಿಸುವ ಹಾಗಿಲ್ಲ.

ದೊರೆಸಾನಿ ನೆಟ್ಟಗೆ ಅಕ್ಕಯಮ್ಮನ ಹತ್ತಿರ ಹೋಗಿ, ಬೆಟ್ಟಿಯ ಮೈಮೇಲಿದ್ದ ಉಣ್ಣೆ ಅಂಗಿಯ ಗುಂಡಿಗಳನ್ನು ಬಿಚ್ಚಿದಳು. ಮಗು ಒದ್ದಾಡಿತು, ಕಿರುಚಿತು, ಎಂಥಾ ಗಂಟಲು ಅದರದ್ದು! ಅದನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಅಂಗಿಯನ್ನು ನನ್ನ ಅಂಗೈ ಮೇಲೆ ಇಟ್ಟಳು. ಇನ್ನೂ ಬಿಸಿಯಾಗಿತ್ತು.

ಹಳದಿ ಎಳೆಯ ಕೊನೆಯ ತುಂಡನ್ನು ನಾನು ಅದಕ್ಕೆ ಕಟ್ಟಿದೆ. ಕಣ್ಣು ತುಂಬಿ ಗಂಟು ಕಾಣಲಿಲ್ಲ, ಬೆರಳ ಅಂದಾಜಿನಲ್ಲೇ ಕಟ್ಟಿದೆ.

ಎರಡನೆಯ ಸಂತೆಯ ದಿನ ನಾನು ಹಗ್ಗ ಕಟ್ಟುವ ಮೊದಲೇ ಹೆಂಗಸರು ಬಂದು ನಿಂತಿದ್ದರು. ಯಾರೂ ಏನನ್ನೂ ಮುಟ್ಟಲಿಲ್ಲ. ಸೊಣ್ಣಮ್ಮ ಮುಂದೆ ಬಂದಳು.

"ಏನವ್ವಾ, ಎಲ್ಲವೂ ಬದುಕವೇನು?"

ಎಲ್ಲವೂ ಎಂದರೆ ಮುಗಿದುಹೋಗುತ್ತಿತ್ತು. ಚಾಪೆಯ ಮೇಲಿದ್ದವೆಲ್ಲ ಬದುಕಿದವರದೇ, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮುನಿರತ್ನಮ್ಮ ಎದುರಿಗೇ ನಿಂತು, ಕಣ್ಣಿನಲ್ಲಿ ನೀಲಿ ನೆರಿಗೆಯದನ್ನು ಹುಡುಕುತ್ತಿದ್ದಳು.

"ಇಲ್ಲ. ಒಂದು ಹೋಗ್ಬಿಟ್ಟಿತ್ತು" ಎಂದೆ. "ಇವರು ಕೆನ್ನೆಗಿಟ್ಕೊಂಡಿದ್ರಲ್ಲ, ಅದೇ. ಆ ಮಗೀನ ತಾಯಿಗೆ ವಾಪಸ್ ಕೊಟ್ಬಂದೆ. ಮಿಕ್ಕವರನ್ನ ಈ ಕಣ್ಣಲ್ಲಿ ನೋಡ್ಕೊಂಡು ಬಂದಿದೀನಿ. ಕೆಂಪು ದಾರದ್ದು ರೋಸಿದು, ಹತ್ತು ವರ್ಷ. ಹಸಿರು ಜಾರ್ಜುದು, ಮರದಿಂದ ಬಿದ್ದು ಹಲ್ಲು ಮುರ್ಕೊಂಡವ್ನೆ, ಇನ್ನೂ ಮರ ಹತ್ತೋದು ಬಿಟ್ಟಿಲ್ಲ. ಹಳದಿ ಪುಟ್ಟೀದು, ಅದರ ಗಂಟಲು ಕೇಳಿದ್ರೆ ನಿಮ್ಮೂರ ಎತ್ತು ಹಗ್ಗ ಕಿತ್ಕೊಂಡು ಓಡ್ಬೇಕು."

ಹೇಳಿ, ಯಾರೂ ಕೇಳದೆಯೇ ಸೊಂಟದ ಮೇಲಿದ್ದ ದೇವಿಯ ತಲೆಯ ಮೇಲೆ ಕೈಯಿಟ್ಟೆ. ಪೂರ್ತಿ ಅಂಗೈ ಊರಿ ಇಟ್ಟೆ.

ಸೊಣ್ಣಮ್ಮ ನನ್ನ ಮುಖ ನೋಡಿದಳು. "ಹೋಗಿದ್ದನ್ನ ಹೋಯ್ತು ಅಂದ್ಯಲ್ಲ, ಇರೋದನ್ನ ಐತೆ ಅಂದ್ರೆ ನಂಬ್ಬೋದು" ಎಂದು ಕೂತು, ತನ್ನ ಮೊಮ್ಮಗನಿಗೆ ತಾನೇ ಮೊದಲು ಹಡಗಿನ ಅಂಗಿ ಎಳೆದುಕೊಂಡಳು.

ಅಬ್ಬಾ, ಆಮೇಲಿನ ಗಲಾಟೆ! "ನಂಗೆ ಹಸಿರು ದಾರದ್ದೇ ಬೇಕು, ಮರ ಹತ್ತೋ ಮಗ ಆಗ್ಲಿ!" "ಈ ಕೆಂಪಿಂದು ನಾನು ಮೊದ್ಲು ಹಿಡ್ದಿದ್ದು, ಬಿಡೇ!" ಒಂದು ಫ್ರಾಕಿಗೆ ಇಬ್ಬರು ಎಳೆದಾಡಿ ತೋಳು ಕಿತ್ತೇಹೋಯಿತು, ತೋಳಿಲ್ಲದ್ದನ್ನೂ ಒಬ್ಬಳು ಕೊಂಡಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಚಾಪೆ ಬರಿದಾಯಿತು. ಮಗ್ಗ ಉಳಿಯಿತು! ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಮುನಿರತ್ನಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಮಡಿಲಲ್ಲಿ ಬಚ್ಚಿಟ್ಟಿದ್ದ ಉಣ್ಣೆ ಅಂಗಿಯನ್ನು ತೆಗೆದು ಅವಳಿಗೆ ಕೊಟ್ಟೆ. ಅದು ಯಾರ ಮೈಯಿಂದ ಹೇಗೆ ಬಂತೆಂದು ಹೇಳಿದೆ. ಅವಳು ಎರಡು ಕೈಯಲ್ಲೂ ಹಿಡಿದು ಮೂಸಿ ನೋಡಿದಳು. ನಾನು ದುಡ್ಡು ಬೇಡವೆಂದೆ. ಅವಳು ಒಪ್ಪಲಿಲ್ಲ. "ಕೊಂಡಿದ್ದಾದ್ರೆ ನಂದಾಗುತ್ತೆ ಕಣಕ್ಕಾ" ಎಂದು ಆರಾಣೆ ನನ್ನ ಕೈಗೆ ತುರುಕಿ, ಹಿಂತಿರುಗಿ ನೋಡದೆ ನಡೆದಳು.

ಅಂದಿನಿಂದ ನಾನು ವ್ಯಾಪಾರಸ್ಥೆಯಾದೆ. ಅಕ್ಕಯಮ್ಮ ಇನ್ನೊಂದು ಮನೆ ಹಿಡಿದಳು, ಅಲ್ಲಿಂದ ಮತ್ತೊಂದು ಮನೆಗೆ ದಾರಿಯಾಯಿತು. ನಮ್ಮ ಪಕ್ಕದ ವಿಜಯಪುರದ ಸಂತೆಗೂ ಹೋದೆ. ಎಲ್ಲಿಗೆ ಹೋದರೂ ಮೊದಲು ಮಗುವನ್ನು ತೋರಿಸಿ ಎನ್ನುತ್ತಿದ್ದೆ, ಬಟ್ಟೆ ಆಮೇಲೆ. ದಂಡಿನ ದೊರೆಸಾನಿಯರು ನನ್ನನ್ನು ಅರೆಹುಚ್ಚಿ ಅಂದುಕೊಂಡಿರಬೇಕು.

ಮುಂದಿನ ವರ್ಷ, ಮಾಗಿಯ ಚಳಿ ಮುಗಿಯುವ ಹೊತ್ತಿಗೆ, ಅದೇ ಹೊಂಗೆ ಮರದ ಕೆಳಗೆ ಕೂತಿದ್ದೆ. ಒಂದು ದಪ್ಪನೆಯ ಮಗು ಬಂದು ಧೊಪ್ಪನೆ ನನ್ನ ಚಾಪೆಯ ಮೇಲೆ ಕೂತಿತು. ಕುರಿಮರಿ ಬಣ್ಣದ ಉಣ್ಣೆ ಅಂಗಿ. ಒಗೆದೊಗೆದು ಕುಗ್ಗಿ ತೋಳು ಮೊಣಕೈಗೆ ಬಂದಿತ್ತು, ಗುಂಡಿ ಹಾಕಲು ಹೊಟ್ಟೆ ಬಿಟ್ಟಿರಲಿಲ್ಲ. ತಲೆಯೆತ್ತಿದರೆ ಮುನಿರತ್ನಮ್ಮ. ಮೈ ಕೈ ತುಂಬಿಕೊಂಡಿದ್ದ ಅವಳನ್ನು ಗುರುತು ಹಿಡಿಯಲು ಎರಡು ಗಳಿಗೆ ಬೇಕಾಯಿತು. ನಾನು ಮಗುವನ್ನು ಎಳೆದು ಎಳೆದು ಮುದ್ದಿಟ್ಟೆ. ಅದು ಬಾಯಿ ತೆರೆದು ಕಿರುಚಿಕೊಂಡಿತು. ಬೆಟ್ಟಿಯ ಗಂಟಲೇ!

ಮುನಿರತ್ನಮ್ಮ ಕೂತು, ಅಂಗಿಯನ್ನು ಮಗುವಿನಿಂದ ಬಿಚ್ಚಿ, ಮಡಚದೆ ನನ್ನ ಅಂಗೈ ಮೇಲಿಟ್ಟಳು. ಹಳದಿ ಗಂಟು ಹಾಗೆಯೇ ಇತ್ತು.

"ಇವನಿಗೆ ಇದು ಸಾಲ್ದು ಕಣಕ್ಕಾ. ಯಾರಾದ್ರೂ ಇಂಥಾದ್ದು ಕೇಳ್ಕೊಂಡು ಬರ್ತಾರೆ, ಮಾರು. ಯಾರು ಹಾಕಿದ್ದು ಅಂತ ಕೇಳಿದ್ರೆ ನನ್ನ ಮಗನ ಹೆಸರು ಹೇಳು."

ಹೆಸರು ಕೇಳಿದೆ. ತಿಪ್ಪಯ್ಯ ಎಂದಳು, ನಗುತ್ತಾ. ಹುಟ್ಟಿದ್ದು ಉಳಿಯದ ಮನೆಯಲ್ಲಿ, ಸಾವಿನ ಕಣ್ಣು ಬೀಳದಿರಲೆಂದು ಮಗುವಿಗೆ ಹೀಗೆ ತಿಪ್ಪೆಯ ಹೆಸರಿಡುತ್ತಾರೆ.

ಸೆರಗಿನ ತುದಿಯಲ್ಲಿ ಎಳೆಗಳನ್ನು ಸದಾ ಇಟ್ಟುಕೊಂಡಿರುತ್ತಿದ್ದೆ. ನೀಲಿಯದನ್ನು ಆರಿಸಿ, ಹಳದಿ ಗಂಟಿನ ಪಕ್ಕದಲ್ಲೇ ಎರಡನೆಯದನ್ನು ಕಟ್ಟಿದೆ. ಅಂಗಿ ಬಿಸಿಯಾಗಿತ್ತು.